ಛಂದಸ್ಸು ಸರಿಯಿದೆ, ನಿಮ್ಮ ಮಗಳೆಲ್ಲಿ?

ಪ್ರಶ್ನೆ: ಮಗಳಿಗೆ ಈಗ ಎಂಟು ತಿಂಗಳು. ಅಜ್ಜಿಯ ಗಮಕ (ಕಾವ್ಯವಾಚನ) ಕೇಳಿ ಬೆಳೆದ ನನಗೆ ಬರೆಯಲು ಕುಳಿತರೆ ಆರು ಸಾಲಿನ ಭಾಮಿನಿ ಷಟ್ಪದಿಯೇ ಬರುತ್ತದೆ. ರಾತ್ರಿ ಮೂರಕ್ಕೆ ಮಗು ಎದ್ದಾಗ ಬೀದಿದೀಪದ ಬೆಳಕಿಗೆ ಹೊಂಗೆಮರದ ನೆರಳು ಗೋಡೆಯ ಮೇಲೆ ಆಡುತ್ತಿರುತ್ತದೆ. ನಾನು ಬರೆಯುವುದು ಆಗಲೇ. ಅವಳನ್ನು ಎತ್ತಿಕೊಂಡು ಕಡಲೆಕಾಯಿ ಪರಿಷೆಯಲ್ಲಿ ದೊಡ್ಡ ಬಸವಣ್ಣನೆದುರು ನಿಂತದ್ದನ್ನೂ ಬರೆದಿದ್ದೇನೆ. ಮೊದಲ ಸಾಲು ‘ಮಗುವ ಮೊಗದಲಿ ಚಂದ್ರಬಿಂಬವು’. ಗೆಳತಿ ಓದಿ, ‘ಚೆನ್ನಾಗಿದೆ, ಆದರೆ ಯಾರು ಬೇಕಾದರೂ ಬರೆಯಬಹುದಿತ್ತು’ ಎಂದಳು. ಛಂದಸ್ಸನ್ನೇ ಬಿಟ್ಟುಬಿಡಲೇ?
– ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ದಯವಿಟ್ಟು ಬಿಡಬೇಡಿ. ಮಗುವ, ಮೊಗದಲಿ, ಚಂದ್ರ, ಬಿಂಬವು: ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14 ಮಾತ್ರೆ (ಉಚ್ಚಾರದ ಕಾಲದ ಅಳತೆ: ಲಘು ಅಕ್ಷರಕ್ಕೆ ಒಂದು; ಗುರುವಿಗೆ, ಎಂದರೆ ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ, ಎರಡು). ಅಜ್ಜಿ ಕೊಟ್ಟ ಕಿವಿ ಎಲ್ಲೂ ತಪ್ಪಿಲ್ಲ. ತೊಂದರೆ ಇರುವುದು ಚಂದ್ರಬಿಂಬದಲ್ಲಿ. ಅದು ಗಣ (ಮಾತ್ರೆಗಳ ಗುಂಪು) ತುಂಬಲು ತಾನಾಗಿ ಬಂದು ಕುಳಿತ ಮಾತು. ಹಳೆಯ ಬಂಧಗಳಲ್ಲಿ ತಲೆಮಾರುಗಳಿಂದ ಬಳಕೆಯಾದ ಪದಗಳು ಮಾತ್ರೆಯ ಅಳತೆಗೆ ಸಿದ್ಧವಾಗಿ ಸಿಗುತ್ತವೆ, ಕೈ ಅತ್ತಲೇ ಹೋಗುತ್ತದೆ.

ನಿಮ್ಮ ಪತ್ರದಲ್ಲಿ ಬೀದಿದೀಪ ಮತ್ತು ಹೊಂಗೆಯ ನೆರಳಿನ ವಾಕ್ಯವನ್ನು ನಾನು ಎರಡು ಸಲ ಓದಿದೆ. ಅದನ್ನೇ ಷಟ್ಪದಿಗೆ ತಂದು ನೋಡೋಣ:

ಮೂರು ಗಂಟೆಗೆ ಕೂಸು ಮಿಸುಕಿತು
ಜಾರಿ ಹೊಂಗೆಯ ನೆರಳು ಗೋಡೆಗೆ

ಎರಡೂ ಸಾಲುಗಳ ಎರಡನೆಯ ಅಕ್ಷರ ರಕಾರವಾಗಿ ಆದಿಪ್ರಾಸವೂ ಕೂಡಿತು. ಷಟ್ಪದಿಯಲ್ಲಿ ‘ಗಂಟೆ’ ಬರಬಹುದೇ ಎಂದು ಹಿಂಜರಿಯಬೇಡಿ. ದಿನವೂ ಆಡುವ ಮಾತು ಆ ಲಯದಲ್ಲಿ ಸಲೀಸಾಗಿ ನಡೆಯುತ್ತದೆ. ಒಂದೇ ಎಚ್ಚರ: ಗಣದ ಆರಂಭದಲ್ಲಿ ಲಘುವಿನ ಬೆನ್ನಿಗೆ ಗುರು ಬಂದರೆ (‘ನಿರಾಳ’, ‘ವಿಶಾಲ’ದಂಥವು) ನಡೆ ಎಡವುತ್ತದೆ.

ಮಗಳನ್ನು ಮಲಗಿಸುವಾಗ ಹಾಡಿಕೊಳ್ಳಬೇಕೆನಿಸಿದರೆ ಮೂರು ಸಾಲಿನ ತ್ರಿಪದಿಗೆ ಬನ್ನಿ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ, ಹೆಸರು ಉಳಿಯದ ಎಷ್ಟೋ ಹೆಣ್ಣುಮಕ್ಕಳು ತಾಯ್ತನವನ್ನು ಹಾಡಿದ್ದು ಅದರಲ್ಲಿ. ಮಾತ್ರೆ ಎಣಿಸದೆ, ಹಾಡುವಾಗಿನ ಅಂಶಗಳಿಂದ ಅಳೆಯುವ ಅಂಶಗಣದ ಛಂದಸ್ಸು ಅದು. 11 ಗಣಗಳಲ್ಲಿ 6 ಮತ್ತು 10ನೆಯದು ಎರಡು ಅಂಶಗಳ ಬ್ರಹ್ಮಗಣ, ಉಳಿದವು ಮೂರು ಅಂಶಗಳ ವಿಷ್ಣುಗಣ. ಎಳೆದು ಹಾಡಿದರೆ ಅಕ್ಷರಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಆದ್ದರಿಂದ ಕಾಗದದ ಮೇಲೆ ಎಣಿಸುತ್ತ ಕೂರದೆ ಬಾಯಿಬಿಟ್ಟು ಹಾಡಿ ನೋಡಿ.

ಭಕ್ತಿಯನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ಕರುಣಾಸಾಗರ, ದೀನಬಂಧು ಎಂಬ ಸಂಬೋಧನೆಗಳನ್ನು ಈ ಸಲಕ್ಕೆ ಬದಿಗಿಡಿ. ಕಾರ್ತಿಕದ ಕೊನೆಯ ಸೋಮವಾರದ ಆ ಪರಿಷೆಯ ನೂಕುನುಗ್ಗಲಿನಲ್ಲಿ ಮಗಳ ಮುಷ್ಟಿಯಲ್ಲಿ ಏನಿತ್ತು? ಬಸವಣ್ಣನಲ್ಲಿ ನೀವು ಏನು ಬೇಡಿದಿರಿ, ಅಥವಾ ಬೇಡುವುದನ್ನೇ ಮರೆತಿರೋ? ಅಷ್ಟನ್ನೇ ಬರೆಯಿರಿ.

ಮೇಲಿನ ಎರಡು ಸಾಲಿಗೆ ಮೂರನೆಯದನ್ನು ನೀವೇ ಸೇರಿಸಿ. ಮೂರು-ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಮೊದಲ ಅಕ್ಷರ ಗುರು, ಎರಡನೆಯದು ರಕಾರ. ಗೋಡೆಗೆ ಬಂದ ನೆರಳು ಆಮೇಲೆ ಏನು ಮಾಡಿತೆಂದು ಕಂಡವರು ನೀವು.