ಸಂಬಳ ಏರಿಸಿದರೂ ಟೀಚರ್‌ಗಳು ಯಾಕೆ ನಿಲ್ಲುತ್ತಿಲ್ಲ?

ಗಂಟೆಯ ಸಂಬಳ ಏರಿಸಿದ ಮೇಲೂ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಟೀಚರ್‌ಗಳು ಬಿಟ್ಟು ಹೋಗುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಲೆಕ್ಕಕ್ಕೆ ಬಾರದ ಗಂಟೆಗಳನ್ನು ನೋಡಿ. ಪಾಠದ ತಯಾರಿ, ಬರೆದದ್ದನ್ನು ತಿದ್ದುವುದು, ಬೆಳಗಿನ ಕ್ಲಾಸ್ ಮುಗಿಸಿ ಸಂಜೆಯ ಕ್ಲಾಸಿಗೆ ಕಾಯುವುದು, ಇದಕ್ಕೆಲ್ಲ ದುಡ್ಡಿಲ್ಲ ಅಲ್ವಾ? ಅದರ ಮೇಲೆ ಜನ ಕಡಿಮೆ ಅಂತ ಕ್ಲಾಸೇ ರದ್ದಾದರೆ ಆ ತಿಂಗಳ ಮನೆ ಬಾಡಿಗೆ ಕಟ್ಟುವುದು ಹೇಗೆ? ಒಂದು ಟರ್ಮಿಗೆ ಇಷ್ಟು ಗಂಟೆ ಖಾತ್ರಿ ಅಂತ ಬರೆದುಕೊಡಿ. ಹೊಸ ವಿದ್ಯಾರ್ಥಿಗಳನ್ನು ವಾರ ವಾರ ಕ್ಲಾಸಿಗೆ ಸೇರಿಸುವುದನ್ನೂ ನಿಲ್ಲಿಸಿ. ಅಕ್ಷರ ಗುರುತಿಸಲು ಕಷ್ಟಪಡುವವರು, ಕೆಲಸದ ಇಂಟರ್‌ವ್ಯೂಗೆ ತಯಾರಾಗುವವರು ಒಂದೇ ಕೋಣೆಯಲ್ಲಿ ಕೂತರೆ ಟೀಚರ್ ಒಬ್ಬರೇ ಎರಡು ಪಾಠ ಮಾಡಬೇಕಾಗುತ್ತದೆ. ಸನ್ಮಾನ, ಸರ್ಟಿಫಿಕೇಟ್ ಅಂತ ಸುಮ್ನೆ ಖರ್ಚು ಬೇಡ. ಬಿಟ್ಟು ಹೋದವರಿಗೇ ಒಂದು ಫೋನ್ ಮಾಡಿ ಕೇಳಿ, ಈಗ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.