ಹೊಸ ಮಂಡಿ ಎಷ್ಟು ವರ್ಷ ಬಾಳುತ್ತದೆ?

(ಕಾರ್ಕಳದ ಓದುಗರೊಬ್ಬರ ಪತ್ರದ ಸಾರ: ತಾಯಿಗೆ 62 ವರ್ಷ, ಎರಡೂ ಮಂಡಿ ಸವೆದಿವೆ. ಬದಲಿಸಿದರೆ ಒಳ್ಳೆಯದು ಎಂದು ಮಂಗಳೂರಿನ ವೈದ್ಯರು ಹೇಳಿದ್ದಾರೆ. ಹದಿನೈದು ವರ್ಷಕ್ಕೆ ಮತ್ತೆ ಬಿಚ್ಚಬೇಕಾಗುತ್ತದೆ, 70 ದಾಟಲಿ ಎನ್ನುತ್ತಾರೆ ನೆಂಟರು. 30 ವರ್ಷ ಬಾಳುವ ದುಬಾರಿ ಕೀಲೂ ಇದೆಯಂತೆ. ಯಾರ ಮಾತು ಕೇಳಲಿ?)

ಹದಿನೈದು ವರ್ಷಕ್ಕೆ ಮುಗಿಯಿತು ಎನ್ನುವುದು ಹಳೆಯ ಮಾತು. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ಪೂರ್ತಿ ಬದಲಿಸಿದ ನೂರು ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಉಳಿಯುತ್ತವೆ. ಆದರೆ ಅದು ಆಸ್ಟ್ರೇಲಿಯಾ, ಫಿನ್ಲೆಂಡ್‌ಗಳ ದಾಖಲೆ. ಮೆಟ್ಟುಕತ್ತಿಯ ಮೇಲೆ ಕೂತು ತರಕಾರಿ ಹೆಚ್ಚುವವರ ಮಂಡಿ ಅದರಲ್ಲಿಲ್ಲ.

ತೊಡೆಮೂಳೆಯ ತುದಿಗೆ ಕೋಬಾಲ್ಟ್-ಕ್ರೋಮಿಯಂ ಕವಚ, ಕೆಳಗಿನ ಮೂಳೆಗೆ ಲೋಹದ ತಟ್ಟೆ, ಇವೆರಡರ ನಡುವೆ ಪಾಲಿಥೀನ್ ಬಿಲ್ಲೆ. ತೇಯುವುದು ಹೆಚ್ಚಾಗಿ ಈ ಬಿಲ್ಲೆಯೇ. ಹಿಂದೆ ಅದನ್ನು ಗಾಳಿ ತಾಗುವ ಪೊಟ್ಟಣದಲ್ಲೇ ಗಾಮಾ ಕಿರಣದಿಂದ ಶುದ್ಧಿ ಮಾಡುತ್ತಿದ್ದರು; ಆಮ್ಲಜನಕ ತಗುಲಿ ಪ್ಲಾಸ್ಟಿಕ್ ಪೆಡಸಾಗಿ ಪದರ ಏಳುತ್ತಿತ್ತು. ಹಳೆಯ ಕೀಲುಗಳಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ಇದರ ಪಾಲೂ ಇದೆ. ಇನ್ನು 30 ವರ್ಷದ ಮಾತು ಯಂತ್ರದಲ್ಲಿ ತೇಯ್ದು ನೋಡಿದ ಪರೀಕ್ಷೆಯದು. ಯಂತ್ರಕ್ಕೆ ಸೋಂಕು ತಗಲುವುದಿಲ್ಲ, ಅದರ ಮೂಳೆ ಟೊಳ್ಳಾಗುವುದಿಲ್ಲ. ಬರೀ ಆ ಮಾತು ನಂಬಿ ಹೆಚ್ಚು ಹಣ ಕೊಡಬೇಡಿ.

ಮಂಡಿ ಬೇಗ ಕೆಡಲು ಸೋಂಕು ದೊಡ್ಡ ಕಾರಣ. ಮಳೆಗಾಲದಲ್ಲಿ ಬೆರಳ ಸಂದಿಯ ಹುಣ್ಣು, ಒಡೆದ ಹಿಮ್ಮಡಿ, ಹುಳುಕು ಹಲ್ಲು ಇವುಗಳಿಂದ ರೋಗಾಣು ರಕ್ತಕ್ಕೆ ಸೇರಿ, ವರ್ಷಗಳ ನಂತರವೂ ಲೋಹಕ್ಕೆ ಅಂಟಿ ಪೊರೆ ಕಟ್ಟಬಹುದು. ಆಮೇಲೆ ಮಾತ್ರೆಗೆ ಬಗ್ಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಹಲ್ಲು, ಹುಣ್ಣು, ಸಕ್ಕರೆ ಕಾಯಿಲೆ ಮೂರನ್ನೂ ಸರಿಮಾಡಿಸಿ. ಬದಲಿಸಿದ ಮಂಡಿ ಇದ್ದಕ್ಕಿದ್ದಂತೆ ಬಿಸಿಯಾಗಿ ಊದಿದರೆ ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ನುಂಗಿಸಬೇಡಿ. ಮೊದಲು ಸೂಜಿಯಿಂದ ನೀರು ತೆಗೆದು ಪರೀಕ್ಷಿಸಬೇಕು. ಮಾತ್ರೆ ಮೊದಲೇ ಹೋದರೆ ರೋಗಾಣು ಸಿಗದೇ ಹೋಗಬಹುದು.

ಇನ್ನೊಂದು ಕಾರಣ ಸಡಿಲವಾಗುವುದು. ಕೂತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ನೋಯುತ್ತದೆ, ಎಕ್ಸ್‌ರೇಯಲ್ಲಿ ಕೀಲನ್ನು ಕೂರಿಸಲು ಹಾಕಿದ ಸಿಮೆಂಟಿಗೂ ಮೂಳೆಗೂ ನಡುವೆ ಕಪ್ಪು ಗೆರೆ ಅಗಲವಾಗುತ್ತ ಹೋಗುತ್ತದೆ. ನೋವಿಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ಎಕ್ಸ್‌ರೇ ತೆಗೆಸಿ. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಜಾರಿ ಬಿದ್ದರೆ ಕೀಲಿನ ಮೇಲ್ಗಡೆಯೇ ಮೂಳೆ ಮುರಿಯಬಹುದು.

ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಬ್ರಿಟನ್ನಿನ 2017ರ ಅಧ್ಯಯನದಲ್ಲಿ, 70 ದಾಟಿ ಮಾಡಿಸಿಕೊಂಡವರಲ್ಲಿ ಮತ್ತೆ ಬಿಚ್ಚಿಸುವ ಸಂಭವ ಬದುಕಿಡೀ ಸೇರಿ ನೂರಕ್ಕೆ ಸುಮಾರು 5. ಐವತ್ತರ ಆರಂಭದ ಗಂಡಸರಲ್ಲಿ ಸುಮಾರು 35. ನಿಮ್ಮ ತಾಯಿ ನಡುವಿನವರು. ವ್ಯಾಯಾಮ, ತೂಕ ಇಳಿಕೆಯಿಂದ ನೋವು ತಗ್ಗುವುದಾದರೆ ಕಾಯಲಿ. ರಾತ್ರಿ ನಿದ್ದೆಯಿಲ್ಲ, ಮಂಡಿ ಸೊಟ್ಟಗಾಗುತ್ತಿದೆ, ತೊಡೆ ಬಡಕಲಾಗುತ್ತಿದೆ ಎಂದಾದರೆ ಕಾಯುವುದರಲ್ಲಿ ನಷ್ಟವೇ ಹೆಚ್ಚು.

ಮಾಡಿಸಿದರೆ, ಕೀಲಿನ ಪೊಟ್ಟಣದ ಸ್ಟಿಕ್ಕರುಗಳ ಒಂದು ಪ್ರತಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಕಡತದಲ್ಲಿಡಿ. ಮುಂದೆ ಬಿಲ್ಲೆ ಮಾತ್ರ ಬದಲಿಸಿದರೆ ಸಾಕೆಂದಾದಾಗ ಅದೇ ಕಂಪನಿಯ ಅದೇ ಮಾದರಿ, ಅಳತೆ ಬೇಕಾಗುತ್ತದೆ.

– ಸಂ.