ಸ್ಮಾರ್ಟ್ ಅಲ್ಲದ ಟಿವಿಗೆ ಮೊಬೈಲ್ ಜೋಡಿಸುವ ಬಗೆ

ಪ್ರಶ್ನೆ: ನಮ್ಮಲ್ಲಿ ಹತ್ತು ವರ್ಷಕ್ಕೂ ಹಳೆಯದಾದ ಎಲ್‌ಇಡಿ ಟಿವಿಯೊಂದಿದೆ. ಚಿತ್ರ ಈಗಲೂ ಚೆನ್ನಾಗಿ ಬರುತ್ತದೆ, ಆದರೆ ಇಂಟರ್ನೆಟ್ ಸೌಲಭ್ಯವಿಲ್ಲ. ಮೊಬೈಲಿನಲ್ಲಿರುವ ಫೋಟೊ, ವಿಡಿಯೊಗಳನ್ನೂ ಒಟಿಟಿ ಆ್ಯಪ್‌ಗಳ ಸಿನಿಮಾಗಳನ್ನೂ ಅದರಲ್ಲಿ ನೋಡಬೇಕೆಂಬ ಆಸೆ. ಚಾರ್ಜಿಂಗ್ ಕೇಬಲ್‌ನಿಂದ ಮೊಬೈಲನ್ನು ಟಿವಿಯ ಯುಎಸ್‌ಬಿಗೆ ಜೋಡಿಸಿದರೆ ಚಾರ್ಜ್ ಆಗುತ್ತದೆಯೇ ಹೊರತು ಚಿತ್ರ ಬರುವುದಿಲ್ಲ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಕೊಂಡರೆ ಸಾಕೇ?

ಉತ್ತರ: ಕೇಬಲ್ ಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. ಅದು ಕೆಲಸ ಮಾಡುವುದೋ ಇಲ್ಲವೋ ಎಂಬುದು ಟಿವಿಗಿಂತ ಹೆಚ್ಚಾಗಿ ನಿಮ್ಮ ಮೊಬೈಲಿನ ಮೇಲೆ ನಿಂತಿದೆ. ಕೇಬಲ್‌ನ ಪೊಟ್ಟಣದ ಮೇಲೆ ಈ ಮಾತು ದಪ್ಪಕ್ಷರದಲ್ಲಿ ಕಾಣಸಿಗುವುದು ಅಪರೂಪ.

ಮೊದಲು ಯುಎಸ್‌ಬಿ ವಿಚಾರ. ಹಳೆಯ ಟಿವಿಗಳಲ್ಲಿ ಯುಎಸ್‌ಬಿ ಪೋರ್ಟ್ ಇಟ್ಟಿರುವುದು ಪೆನ್‌ಡ್ರೈವ್‌ನಲ್ಲಿರುವ ಫೈಲುಗಳನ್ನು ಓದುವುದಕ್ಕಾಗಿ. ಮೊಬೈಲಿನ ಪರದೆಯ ಮೇಲೆ ಕಾಣುವ ಚಿತ್ರವನ್ನು ಹಾಗೆಯೇ ಬರಮಾಡಿಕೊಳ್ಳುವ ವ್ಯವಸ್ಥೆ ಅದರಲ್ಲಿಲ್ಲ. ಇಂದಿನ ಆಂಡ್ರಾಯ್ಡ್ ಮೊಬೈಲುಗಳು ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳದೆ ಎಂಟಿಪಿ ಎಂಬ ಬೇರೊಂದು ವಿಧಾನದಲ್ಲಿ ಫೈಲುಗಳನ್ನು ಒದಗಿಸುವುದರಿಂದ ಬಹಳಷ್ಟು ಟಿವಿಗಳು ಅವನ್ನು ಗುರುತಿಸುವುದೂ ಇಲ್ಲ. ನಿಮಗೆ ಬೇಕಾಗಿರುವುದು ಫೋಟೊಗಳು ಮತ್ತು ನೀವೇ ತೆಗೆದ ವಿಡಿಯೊಗಳು ಮಾತ್ರವಾಗಿದ್ದರೆ ಇಷ್ಟೆಲ್ಲ ತಾಪತ್ರಯ ಬೇಕಿಲ್ಲ. ಮೊಬೈಲಿಗೂ ನೇರವಾಗಿ ಜೋಡಿಸಬಹುದಾದ ಒಟಿಜಿ ಪೆನ್‌ಡ್ರೈವ್‌ಗೆ ಅವನ್ನು ನಕಲಿಸಿ ಟಿವಿಗೆ ಹಾಕಿದರೆ ಕೆಲಸ ಮುಗಿಯಿತು. ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಹೆಚ್ಚಿನ ಟಿವಿಗಳು ಓದುತ್ತವೆ, ಆದರೆ ಆ ಮಾದರಿಯಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ. ಫೋಟೊ ಕಂಡು ವಿಡಿಯೊ ಮಾತ್ರ ಕಾಣದಿದ್ದರೆ, ನಿಮ್ಮ ಕ್ಯಾಮೆರಾ ಎಚ್.265 ಎಂಬ ವಿಡಿಯೊ ಮಾದರಿಯಲ್ಲಿ ಚಿತ್ರೀಕರಿಸುತ್ತಿರಬಹುದು. 2013ರಲ್ಲಿ ಅಂಗೀಕಾರವಾದ ಈ ಮಾದರಿ ಅದಕ್ಕೂ ಹಿಂದಿನ ಟಿವಿಗಳಿಗೆ ತಿಳಿದಿರುವುದಿಲ್ಲ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಅದಕ್ಕಿಂತ ಹಳೆಯದಾದ ಎಚ್.264 ಆರಿಸಿಕೊಂಡರೆ ಮುಂದೆ ತೆಗೆಯುವ ವಿಡಿಯೊಗಳಿಗೆ ಈ ತೊಂದರೆ ಇರುವುದಿಲ್ಲ.

ಇನ್ನು ಎಚ್‌ಡಿಎಂಐ ಕೇಬಲ್. ಎಚ್‌ಡಿಎಂಐಯ ಮೊದಲ ಆವೃತ್ತಿ 2002ರಲ್ಲೇ ಬಂದಿದ್ದರಿಂದ ನಿಮ್ಮ ಟಿವಿಯ ಹಿಂಬದಿಯಲ್ಲೋ ಪಕ್ಕದಲ್ಲೋ ಅದರ ಪೋರ್ಟ್ ಖಂಡಿತ ಇರುತ್ತದೆ ಎಂದೇ ಭಾವಿಸುತ್ತೇನೆ. ತೊಡಕಿರುವುದು ಮೊಬೈಲಿನ ಕಡೆ. ಟೈಪ್-ಸಿ ಎಂಬುದು ಪೋರ್ಟಿನ ಆಕಾರವನ್ನಷ್ಟೇ ಸೂಚಿಸುತ್ತದೆ. ಅದರ ಮೂಲಕ ಚಿತ್ರ ಹೊರಬರಬೇಕಾದರೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯವನ್ನು ಕಂಪನಿಯವರು ಒಳಗೆ ಅಳವಡಿಸಿರಬೇಕು. ನಲ್ಲಿ ಇದ್ದ ಮಾತ್ರಕ್ಕೆ ಅದರಲ್ಲಿ ನೀರು ಬರಲೇಬೇಕೆಂದಿಲ್ಲವಲ್ಲ. ಕಡಿಮೆ ಮತ್ತು ಮಧ್ಯಮ ಬೆಲೆಯ ಬಹುಪಾಲು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇದು ಇರುವುದಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯ ಫೋನುಗಳಲ್ಲಿ ಎಸ್8ರಿಂದ ಈಚೆಗೆ ಇದೆ, ಎ ಸರಣಿಯ ಹೆಚ್ಚಿನವುಗಳಲ್ಲಿ ಇಲ್ಲ. ಐಫೋನುಗಳಲ್ಲಿ 2023ರ ಐಫೋನ್ 15ರಿಂದ ಟೈಪ್-ಸಿ ಬಂದಿದ್ದು, ಅದರಲ್ಲಿ ಚಿತ್ರವೂ ಹೊರಬರುತ್ತದೆ; ಅದಕ್ಕಿಂತ ಹಳೆಯ ಐಫೋನುಗಳಿಗೆ ಲೈಟ್ನಿಂಗ್ ಡಿಜಿಟಲ್ ಎವಿ ಅಡಾಪ್ಟರ್ ಬೇಕು. ನಿಮ್ಮ ಮೊಬೈಲಿನ ಬಗ್ಗೆ ಖಚಿತಪಡಿಸಿಕೊಳ್ಳಲು ತಯಾರಕರ ಜಾಲತಾಣದಲ್ಲಿ ಅದೇ ಮಾದರಿಯ ವಿವರಪಟ್ಟಿ ತೆರೆದು ‘ಡಿಸ್‌ಪ್ಲೇಪೋರ್ಟ್’ ಅಥವಾ ‘ವಿಡಿಯೊ ಔಟ್‌ಪುಟ್’ ಎಂಬ ಮಾತು ಇದೆಯೇ ನೋಡಿ. ಆಂಡ್ರಾಯ್ಡ್ ಮೊಬೈಲಿನ ಮುಂದೆ ಬರೀ ‘ಯುಎಸ್‌ಬಿ 2.0’ ಎಂದಿದ್ದರೆ ಕೇಬಲ್‌ನ ಆಸೆ ಬಿಡುವುದೇ ಒಳ್ಳೆಯದು.

ಯಾವ ಮೊಬೈಲಿಗಾದರೂ ಆಗುತ್ತದೆ ಎಂದು ಹೇಳಿಕೊಂಡು ಮಾರಾಟವಾಗುವ ಅಗ್ಗದ ಕೇಬಲುಗಳೂ ಉಂಟು. ಅವುಗಳಲ್ಲಿ ಕೆಲವು ಕ್ಯೂಆರ್ ಕೋಡ್ ತೋರಿಸಿ, ಎಲ್ಲಿಂದಲೋ ಒಂದು ಆ್ಯಪ್ ಇಳಿಸಿಕೊಳ್ಳುವಂತೆಯೂ ಹೊರಗಿನ ಸಾಧನ ಮೊಬೈಲನ್ನು ನಿಯಂತ್ರಿಸಲು ಬಿಡುವ ಯುಎಸ್‌ಬಿ ಡಿಬಗ್ಗಿಂಗ್ ಚಾಲೂ ಮಾಡುವಂತೆಯೂ ಕೇಳುತ್ತವೆ. ಬ್ಯಾಂಕಿನ ವ್ಯವಹಾರವೆಲ್ಲ ಇರುವ ಮೊಬೈಲಿನಲ್ಲಿ ಅಂಥ ಅನುಮತಿ ಕೊಡಬೇಡಿ.

ನಿಮ್ಮ ಮುಖ್ಯ ಅಗತ್ಯ ಒಟಿಟಿಯಾಗಿರುವುದರಿಂದ, ಮೊಬೈಲಿನಿಂದ ಚಿತ್ರ ಹೊರಬಂದರೂ ಬಾರದಿದ್ದರೂ, ನಾನು ಸೂಚಿಸುವುದು ಟಿವಿಯ ಎಚ್‌ಡಿಎಂಐಗೆ ಹಾಕುವ ಸ್ಟ್ರೀಮಿಂಗ್ ಸ್ಟಿಕ್ ಅನ್ನೇ. ಅದು ವೈಫೈ ಮೂಲಕ ಇಂಟರ್ನೆಟ್‌ಗೆ ಜೋಡಿಸಿಕೊಳ್ಳುವ ಪುಟ್ಟ ಸಾಧನ, ಅದರಲ್ಲೇ ಆ್ಯಪ್‌ಗಳು ಇರುತ್ತವೆ. ಮೊಬೈಲಿನ ಆ್ಯಪ್‌ನಲ್ಲಿ ಕಾಸ್ಟ್ (ಟಿವಿಯಲ್ಲಿ ತೋರಿಸು) ಗುರುತನ್ನು ಒತ್ತಿದರೆ, ಯಾವ ವಿಡಿಯೊ ಬೇಕೆಂಬ ಸೂಚನೆಯಷ್ಟೇ ಸ್ಟಿಕ್‌ಗೆ ಹೋಗಿ, ವಿಡಿಯೊವನ್ನು ಅದು ನೇರವಾಗಿ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಹೀಗಾಗಿ ನಡುವೆ ಕರೆ ಬಂದರೂ ಸಿನಿಮಾ ನಿಲ್ಲುವುದಿಲ್ಲ, ಮೊಬೈಲಿನ ಬ್ಯಾಟರಿಯೂ ಬೇಗ ಇಳಿಯುವುದಿಲ್ಲ. ಕೇಬಲ್ ಹಾಕಿ ನೋಡುವವರಿಗೆ ಈ ಎರಡೂ ಸುಖವಿಲ್ಲ. ಸ್ಟಿಕ್‌ಗೆ ವಿದ್ಯುತ್ತನ್ನು ಮಾತ್ರ ಅದರ ಜೊತೆಗೆ ಬಂದ ಅಡಾಪ್ಟರಿನಿಂದಲೇ ಕೊಡಿ. ಹಳೆಯ ಟಿವಿಯ ಯುಎಸ್‌ಬಿ 2.0 ಪೋರ್ಟ್ ಸಾಮಾನ್ಯವಾಗಿ 500 ಮಿಲಿಆಂಪಿಯರ್ ಮಾತ್ರ ಕೊಡುವುದರಿಂದ, ಅದನ್ನು ನಂಬಿಕೊಂಡರೆ ಸ್ಟಿಕ್ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಇದ್ದೊಂದು ಎಚ್‌ಡಿಎಂಐ ಪೋರ್ಟನ್ನು ಸೆಟ್‌ಟಾಪ್ ಬಾಕ್ಸ್ ಹಿಡಿದುಕೊಂಡಿದ್ದರೆ ಎಚ್‌ಡಿಎಂಐ ಸ್ವಿಚ್ ಒಂದನ್ನು ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಪಿಕ್ಚರ್ ಟ್ಯೂಬ್ ಇರುವ ದಪ್ಪ ಟಿವಿ. ಹಿಂದೆ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತೂತುಗಳು ಬಿಟ್ಟರೆ ಬೇರೇನೂ ಇಲ್ಲ. ಇದಕ್ಕೂ ದಾರಿಯಿದೆಯೇ?

ಉತ್ತರ: ಇದೆ. ಹಳದಿಯದು ಚಿತ್ರಕ್ಕೆ, ಬಿಳಿಯದು ಎಡಬದಿಯ ಧ್ವನಿಗೆ, ಕೆಂಪು ಬಲಬದಿಯ ಧ್ವನಿಗೆ. ಈ ಮೂರನ್ನೂ ಸೇರಿಸಿ ಎವಿ ಎನ್ನುತ್ತಾರೆ. ಎಚ್‌ಡಿಎಂಐಯನ್ನು ಎವಿಗೆ ಬದಲಿಸುವ ಪುಟ್ಟ ಪೆಟ್ಟಿಗೆಯೊಂದನ್ನು ನಡುವೆ ಇಟ್ಟರೆ ಸ್ಟಿಕ್ ಅಥವಾ ಮೊಬೈಲಿನ ಚಿತ್ರವನ್ನು ಇವುಗಳಿಗೆ ತಲುಪಿಸಬಹುದು. ಕೊಳ್ಳುವಾಗ ದಿಕ್ಕನ್ನು ನೋಡಿಕೊಳ್ಳಿ: ಎವಿಯನ್ನು ಎಚ್‌ಡಿಎಂಐಗೆ ಬದಲಿಸುವ ಪೆಟ್ಟಿಗೆಯೂ ಹೊರನೋಟಕ್ಕೆ ಹೀಗೆಯೇ ಇರುತ್ತದೆ, ಅದು ನಿಮ್ಮ ಕೆಲಸಕ್ಕೆ ಬಾರದು. ಪೆಟ್ಟಿಗೆಗೆ 5 ವೋಲ್ಟ್ ವಿದ್ಯುತ್ ಬೇರೆಯಾಗಿ ಕೊಡಬೇಕಾಗುತ್ತದೆ. ಚಿತ್ರ ಕಪ್ಪು-ಬಿಳುಪಾಗಿಯೋ ಮೇಲಕ್ಕೆ ಉರುಳುತ್ತಲೋ ಬಂದರೆ ಟಿವಿ ಕೆಟ್ಟಿದೆ ಎಂದುಕೊಳ್ಳದೆ, ಪೆಟ್ಟಿಗೆಯ ಪಕ್ಕದಲ್ಲಿರುವ ಪಿಎಎಲ್-ಎನ್‌ಟಿಎಸ್‌ಸಿ (ಟಿವಿ ಪ್ರಸಾರದ ಎರಡು ಹಳೆಯ ಪದ್ಧತಿಗಳು) ಗುಂಡಿಯನ್ನು ಇನ್ನೊಂದು ಕಡೆಗೆ ಸರಿಸಿ ನೋಡಿ.

ಆದರೆ ನಿರೀಕ್ಷೆಯನ್ನು ಮಿತಿಯಲ್ಲಿಟ್ಟುಕೊಳ್ಳಬೇಕು. ಪಿಎಎಲ್ ಪದ್ಧತಿಯಲ್ಲಿ ಚಿತ್ರಕ್ಕೆ 576 ಗೆರೆಗಳು, ಎನ್‌ಟಿಎಸ್‌ಸಿಯಲ್ಲಿ 480. ಈಗಿನ ಫುಲ್ ಎಚ್‌ಡಿ ವಿಡಿಯೊದಲ್ಲಿ 1080. ಸಿನಿಮಾ, ಹಾಡು, ಆಟ ನೋಡಲು ಅಡ್ಡಿಯಿಲ್ಲ, ಆದರೆ ಆ್ಯಪ್‌ನ ಮೆನುವಿನಲ್ಲಿರುವ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ. ಪರದೆಯ ಅಳತೆ 4:3 ಆಗಿರುವುದರಿಂದ ಅಗಲವಾದ ಚಿತ್ರ ಒಂದೋ ಮೇಲೆ ಕೆಳಗೆ ಕಪ್ಪು ಪಟ್ಟಿಗಳೊಂದಿಗೆ ಬರುತ್ತದೆ, ಇಲ್ಲವೇ ಮುಖಗಳೆಲ್ಲ ಸಪೂರವಾಗಿ ಉದ್ದಕ್ಕೆ ಎಳೆದಂತೆ ಕಾಣುತ್ತವೆ. ಸ್ಟಿಕ್ ಮತ್ತು ಪೆಟ್ಟಿಗೆ ಎರಡನ್ನೂ ಹೊಸದಾಗಿ ಕೊಂಡು ಈ ಟಿವಿಗೆ ಜೋಡಿಸುವುದು ನನ್ನ ಲೆಕ್ಕದಲ್ಲಿ ಲಾಭದ ಮಾತಲ್ಲ; ಸ್ಟಿಕ್ ಮೊದಲೇ ಇದ್ದರೆ ಮಾತ್ರ ಪೆಟ್ಟಿಗೆ ಕೊಳ್ಳಿ.

ಪ್ರಶ್ನೆ: ಮೊಬೈಲಿನ ಪರದೆ ಟಿವಿಯಲ್ಲಿ ಸರಿಯಾಗಿ ಕಾಣುತ್ತದೆ. ಆದರೆ ಒಟಿಟಿ ಆ್ಯಪ್ ತೆರೆದು ಸಿನಿಮಾ ಹಾಕಿದೊಡನೆ ಧ್ವನಿ ಮಾತ್ರ ಕೇಳಿಸಿ ಚಿತ್ರ ಕಪ್ಪಾಗುತ್ತದೆ. ಕೇಬಲ್ ಹಾಳಾಗಿದೆಯೇ?

ಉತ್ತರ: ಕೇಬಲ್ ಸರಿಯಾಗಿಯೇ ಇದೆ. ಚಿತ್ರವನ್ನು ಯಾರೂ ನಡುವೆ ಹಿಡಿದು ನಕಲು ಮಾಡದಿರಲೆಂದು ಎಚ್‌ಡಿಸಿಪಿ ಎಂಬ ರಕ್ಷಣಾ ವ್ಯವಸ್ಥೆಯಿದ್ದು, ಚಿತ್ರ ಕಳಿಸುವ ಸಾಧನವೂ ಅದನ್ನು ಪಡೆಯುವ ಸಾಧನವೂ ಮೊದಲು ಪರಸ್ಪರ ಗುರುತು ತೋರಿಸಿಕೊಳ್ಳಬೇಕಾಗುತ್ತದೆ. ನಡುವೆ ಇರುವ ಅಗ್ಗದ ಅಡಾಪ್ಟರ್ ಆ ಗುರುತು ತೋರಿಸಲಾರದೆ ಹೋದರೆ ಆ್ಯಪ್ ಚಿತ್ರವನ್ನು ತಡೆಹಿಡಿಯುತ್ತದೆ. ನಿಸ್ತಂತು ಸ್ಕ್ರೀನ್ ಮಿರರಿಂಗ್ (ಕೇಬಲ್ ಇಲ್ಲದೆ ಮೊಬೈಲಿನ ಪರದೆಯನ್ನೇ ಟಿವಿಯಲ್ಲಿ ತೋರಿಸುವುದು) ಮಾಡುವಾಗಲೂ ಕೆಲವು ಆ್ಯಪ್‌ಗಳು ಇದೇ ಕಾರಣಕ್ಕೆ ಪರದೆಯನ್ನು ಕಪ್ಪಾಗಿಸುತ್ತವೆ. ಎಚ್‌ಡಿಸಿಪಿಗೆ ಬೆಂಬಲವಿದೆಯೆಂದು ಸ್ಪಷ್ಟವಾಗಿ ನಮೂದಿಸಿರುವ ಅಡಾಪ್ಟರ್ ಬಳಸಿ, ಇಲ್ಲವೇ ಮಿರರಿಂಗ್ ಬಿಟ್ಟು ಆ್ಯಪ್‌ನೊಳಗಿರುವ ಕಾಸ್ಟ್ ಗುರುತನ್ನೇ ಒತ್ತಿ.

ಪ್ರಶ್ನೆ: ಮನೆಯಲ್ಲಿ ವೈಫೈ ಇಲ್ಲ, ಮೊಬೈಲ್ ಡೇಟಾ ಮಾತ್ರ. ಸ್ಟಿಕ್ ಕೊಂಡರೆ ಉಪಯೋಗವಾದೀತೇ?

ಉತ್ತರ: ಮೊಬೈಲಿನ ಹಾಟ್‌ಸ್ಪಾಟ್‌ಗೆ ಸ್ಟಿಕ್ ಅನ್ನು ಜೋಡಿಸಬಹುದು. ಹಾಟ್‌ಸ್ಪಾಟ್ ಕೊಡುತ್ತಿರುವ ಅದೇ ಮೊಬೈಲಿನಿಂದ ಕಾಸ್ಟ್ ಮಾಡಲು ಹೋದರೆ ಕೆಲವೊಮ್ಮೆ ಸ್ಟಿಕ್ ಕಾಣಿಸಿಕೊಳ್ಳುವುದಿಲ್ಲ. ಆಗ ಸ್ಟಿಕ್‌ನ ರಿಮೋಟ್‌ನಿಂದಲೇ ಆ್ಯಪ್ ತೆರೆಯಿರಿ, ಅಥವಾ ಮನೆಯ ಇನ್ನೊಂದು ಮೊಬೈಲನ್ನೂ ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ ಅದರಿಂದ ಕಾಸ್ಟ್ ಮಾಡಿ. ಹಳೆಯ ಸ್ಟಿಕ್‌ಗೆ ಹಾಟ್‌ಸ್ಪಾಟ್‌ನ ಹೆಸರೇ ಕಾಣದಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿ. ಎಚ್‌ಡಿ ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ 3 ಜಿಬಿವರೆಗೂ ಡೇಟಾ ಖರ್ಚಾಗಬಹುದು, ಆದ್ದರಿಂದ ಆ್ಯಪ್‌ನಲ್ಲಿ ಗುಣಮಟ್ಟವನ್ನು ಎಸ್‌ಡಿಗೆ ಇಳಿಸಿಕೊಳ್ಳುವುದು ಮೇಲು. ಮೊಬೈಲಿನಲ್ಲಿ ಈಗಾಗಲೇ ಇರುವ ನಿಮ್ಮ ಸ್ವಂತ ವಿಡಿಯೊಗಳನ್ನಷ್ಟೇ ನೋಡುವುದಾದರೆ ಮೊಬೈಲಿನ ಪರದೆಯನ್ನು ನಿಸ್ತಂತುವಾಗಿ ಟಿವಿಗೆ ತರುವ ಮಿರಾಕಾಸ್ಟ್ ಸೌಲಭ್ಯವಿರುವ ಸ್ಟಿಕ್ ಸಾಕು. ಅದು ಮೊಬೈಲಿನೊಂದಿಗೆ ವೈಫೈ ಡೈರೆಕ್ಟ್ ಮೂಲಕ ನೇರವಾಗಿ ಬೆಸೆದುಕೊಳ್ಳುವುದರಿಂದ ರೌಟರ್ ಆಗಲಿ ಡೇಟಾ ಆಗಲಿ ಬೇಕಾಗುವುದಿಲ್ಲ. ಆದರೆ ಐಫೋನ್ ಮತ್ತು ಪಿಕ್ಸೆಲ್ ಮೊಬೈಲುಗಳಲ್ಲಿ ಮಿರಾಕಾಸ್ಟ್ ಇಲ್ಲ.